ಪಕ್ಕದ ಸೈಟಿನ ಒರಳು

ಕಳೆದ ತಿಂಗಳು ನಮ್ಮ ಪತ್ರಿಕಾ ಕಚೇರಿಯಲ್ಲಿ ಒಂದು ಬೀಳ್ಕೊಡುಗೆ ಸಭೆ ನಡೆಯಿತು. ನಿವೃತ್ತರಾದವರು ಜಾಹೀರಾತು ವಿಭಾಗದ ಹಿರಿಯ ಗುಮಾಸ್ತರು. ಮಾತಾಡಿದವರೆಲ್ಲ ಅವರ ಸಮಯಪಾಲನೆಯನ್ನು ಹೊಗಳಿದರು, ದುಂಡಗಿನ ಅಕ್ಷರವನ್ನು ಹೊಗಳಿದರು. ವ್ಯವಸ್ಥಾಪಕರು ಶಾಲು ಹೊದಿಸಿದರು. ಮೈಸೂರುಪಾಕು, ಖಾರಾಬೂಂದಿ, ಕಾಫಿ ಆಯಿತು. ಒರಳಿನ ವಿಷಯವನ್ನು ಮಾತ್ರ ಯಾರೂ ಎತ್ತಲಿಲ್ಲ. ಸಭೆಯ ವರದಿಯಲ್ಲಿ ಮುಖ್ಯ ಸುದ್ದಿಯೇ ಬಿಟ್ಟುಹೋದರೆ ಮರುದಿನ ತಿದ್ದುಪಡಿ ಹಾಕುವುದು ನಮ್ಮ ಪದ್ಧತಿ. ಇದು ಆ ತಿದ್ದುಪಡಿ.

ಅವರ ಹೆಸರು ಬರೆಯುವುದಿಲ್ಲ. ಕೇಳಿದ್ದಕ್ಕೆ, "ಹೆಸರು ಹಾಕಿದ್ರೆ ಅದು ಜಾಹೀರಾತಾಗತ್ತೆ ಕಣ್ರೀ, ಕೌಂಟರಿಗೆ ಬಂದು ದುಡ್ಡು ಕಟ್ಟಬೇಕು" ಎಂದರು. ಕಚೇರಿಯಲ್ಲಿ ಎಲ್ಲರೂ ಅವರನ್ನು ಟುಲೆಟ್ ರಾಯರು ಎಂದು ಎದುರಿಗೇ ಕರೆಯುತ್ತಿದ್ದರು. ಬಾಡಿಗೆ ಮನೆಗಳ ಜಾಹೀರಾತುಗಳನ್ನು ತೆಗೆದುಕೊಳ್ಳುವ ಕೌಂಟರ್ ಅವರದು. ಊರಿನಲ್ಲಿ ಎಲ್ಲಿ ಯಾವ ಮನೆ ಖಾಲಿಯಾದರೂ ಅದು ಅಚ್ಚಾಗುವ ಮೊದಲೇ ಅವರಿಗೆ ತಿಳಿಯುತ್ತಿತ್ತು. ಅಂಥವರು ಎಂಥ ಅನುಕೂಲವಾದ ಮನೆಯಲ್ಲಿ ಇರಬಹುದು ಎಂದು ಹೊಸಬರು ಅಸೂಯೆಪಡುತ್ತಿದ್ದರು. ವಾಸ್ತವವೆಂದರೆ, ರಾಯರಷ್ಟು ಮನೆ ಬದಲಾಯಿಸಿದವರು ನಮ್ಮ ಕಚೇರಿಯಲ್ಲಿ ಇನ್ನೊಬ್ಬರಿರಲಿಲ್ಲ. ಕಾಟನ್‌ಪೇಟೆ, ಅಕ್ಕಿಪೇಟೆ, ಚಾಮರಾಜಪೇಟೆ, ಮತ್ತೆ ಕಾಟನ್‌ಪೇಟೆ, ನಾನು ಅವರನ್ನು ಬಲ್ಲ ಕಾಲಕ್ಕೆ ಬಿನ್ನಿಪೇಟೆಯ ಒಂದು ವಠಾರ.

ಕಚ್ಚೆಪಂಚೆ, ಮುಚ್ಚುಕೋಟು, ಕರಿಟೋಪಿ, ಕಿವಿಯ ಮೇಲೊಂದು ಪೆನ್ಸಿಲು. ಕೋಟಿನ ಜೇಬಿನಲ್ಲಿ ನಶ್ಯದ ಡಬ್ಬಿಯ ಜೊತೆಗೆ ಒಂದು ಉದ್ದನೆಯ ಕಬ್ಬಿಣದ ಮೊಳೆ. ಅದನ್ನು ಚಿಕ್ಕಪೇಟೆಯ ಅಂಗಡಿಯಲ್ಲಿ ಆರಿಸಿ ಕೊಂಡದ್ದಂತೆ. ವಾದಕ್ಕೆ ಇಳಿದಾಗ ಮೊಳೆ ಹೊರಗೆ ಬರುತ್ತಿತ್ತು, ಮೇಜಿನ ಮೇಲೆ ಟಕಟಕ ಕುಟ್ಟಿಸಿಕೊಳ್ಳುತ್ತಿತ್ತು. "ಇದನ್ನ ಹೊಡೆಯೋಕೆ ಒಂದು ಗೋಡೆ ಬೇಕು ನನಗೆ. ನನ್ನ ಗೋಡೆ. ಅಷ್ಟೇ ಕೇಳೋದು ನಾನು."

ಅವರ ವಾದಕ್ಕೆ ಎದುರಾಳಿ ನಮ್ಮ ಚೀಫ್ ಸಬ್. ಅಂದರೆ ನಮ್ಮೆಲ್ಲರ ಬರಹವನ್ನು ಕತ್ತರಿಸುವ ಮುಖ್ಯ ಉಪಸಂಪಾದಕರು. ಒಂಟಿ ಮನುಷ್ಯ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಇಷ್ಟೇ ಸಂಸಾರ. ಬಾಡಿಗೆ ಕೋಣೆಯೇ ಮನುಷ್ಯನಿಗೆ ಮುಕ್ತಿ ಎಂದು ಅವರ ಸಿದ್ಧಾಂತ. ಮಧ್ಯಾಹ್ನದ ಕಾಫಿ ಬಂದಾಗ ಇಬ್ಬರಿಗೂ ಶುರುವಾಗುತ್ತಿತ್ತು. ನಾನು ಪಕ್ಕದ ಮೇಜಿನವನು, ಆದ್ದರಿಂದ ಇದು ಕೇಳಿ ಬರೆದದ್ದೇ ಹೊರತು ಊಹೆಯಲ್ಲ.

"ಸ್ವಂತ ಮನೆ ಅಂದ್ರೆ ಏನ್ರೀ ರಾಯರೇ? ಮನೆಗೆ ನೀವು ಕಾವಲುಗಾರ. ನಂಗೆ ಯಜಮಾನ ಮುಖ ಗಂಟು ಹಾಕ್ಕೊಂಡ್ರೆ ಸಾಯಂಕಾಲಕ್ಕೆ ಬೇರೆ ಬೀದಿ. ಸೂರು ಸೋರಿದ್ರೆ ಓನರಿಗೆ ಬಯ್ತೀನಿ. ನೀವು ಯಾರಿಗೆ ಬಯ್ತೀರಿ?"

"ನಾನು ಯಾರಿಗೂ ಬಯ್ಯಲ್ಲ. ನನ್ನ ಹೆಂಡ್ತಿ ನನಗೆ ಬಯ್ತಾಳೆ. ಆದ್ರೆ ಜೋರಾಗಿ ಬಯ್ತಾಳೆ ಸ್ವಾಮಿ! ಅದೇ ಸುಖ. ವಠಾರದಲ್ಲಿ ಜಗಳಾನೂ ಪಿಸುಮಾತಲ್ಲೇ ಆಡಬೇಕು. ಪಿಸುಮಾತಲ್ಲಿ ಜಗಳ ಗೆದ್ದ ಗಂಡಸು ಎಲ್ಲಾದ್ರೂ ಇದಾನಾ?"

"ಜೋರಾಗಿ ಆಡಿದ್ರೆ ಗೆಲ್ತೀರೋ?"

"ಸೋಲ್ತೀನಿ. ಆದ್ರೆ ನನ್ನ ಮನೇಲಿ ಸೋಲ್ತೀನಿ."

ಇನ್ನೊಂದು ದಿನ ಕರಿಬೇವಿನ ಪ್ರಸಂಗ. ರಾಯರು ಹೋದ ಕಡೆಯಲ್ಲೆಲ್ಲ ಹಿತ್ತಿಲಲ್ಲಿ ಒಂದು ಕರಿಬೇವಿನ ಸಸಿ ನೆಡುತ್ತಿದ್ದರಂತೆ. "ಅದು ಚಿಗುರೋ ಹೊತ್ತಿಗೆ ನಾವು ಗಂಟುಮೂಟೆ ಕಟ್ಟಿರ್ತೀವಿ. ಇವತ್ತು ಕಾಟನ್‌ಪೇಟೆ, ಅಕ್ಕಿಪೇಟೆ, ಚಾಮರಾಜಪೇಟೆ, ಎಲ್ಲೆಲ್ಲಿ ಒಗ್ಗರಣೆ ಘಮ್ ಅನ್ನತ್ತೋ ಅದೆಲ್ಲ ನನ್ನ ಕರಿಬೇವು ಕಣ್ರೀ. ನಾನು ಮಾತ್ರ ಮಾರ್ಕೆಟ್‌ನಲ್ಲಿ ಕಾಸು ಕೊಟ್ಟು ತಗೋತೀನಿ!" ಎಂದು ಮೊಳೆಯಿಂದ ಮೇಜು ಕುಟ್ಟಿದರು. ಚೀಫ್ ಸಬ್ ನಕ್ಕು ಕಾಫಿ ಚೆಲ್ಲಿಕೊಂಡರು. ಆ ದಿನದ ಸಂಪಾದಕೀಯದ ಅಚ್ಚುಮಾದರಿಯ ಮೇಲೆ ಕಲೆ ಬಿತ್ತು.

ಇದೆಲ್ಲ ಬಾಯಿಮಾತು. ನಿಜವಾದ ಕಾರಣ ಮನೆಯಲ್ಲಿತ್ತು, ಮತ್ತು ಅದು ಕಲ್ಲಿನದು.

ರಾಯರ ಹೆಂಡತಿ ಮದುವೆಯಾಗಿ ಬಂದ ಹೊಸದರಲ್ಲಿ ಮಾಗಡಿ ರಸ್ತೆಯ ಕಲ್ಲುಕುಟಿಗರೊಬ್ಬರ ಹತ್ತಿರ ತಾವೇ ನಿಂತು ಒಂದು ಒರಳು ಕಡಿಸಿದ್ದರು. ದೊಡ್ಡ ಒರಳು, ಆಳವಾದ ಗುಳಿ, ತಕ್ಕ ಗುಂಡು. ಒರಳನ್ನು ನೆಲದಲ್ಲಿ ಹೂತು ಗಾರೆ ಹಾಕಿ ಕೂರಿಸಬೇಕು, ಆಗ ಅದು ಅಲುಗದೆ ರುಬ್ಬಿಸಿಕೊಳ್ಳುತ್ತದೆ. ಬಾಡಿಗೆ ಮನೆಯ ನೆಲ ಅಗೆಯಲು ಯಾವ ಯಜಮಾನ ಒಪ್ಪುತ್ತಾನೆ? ಹೀಗಾಗಿ ಆ ಒರಳು ಹೋದ ಮನೆಯಲ್ಲೆಲ್ಲ ನೆಲದ ಮೇಲೆಯೇ ಕೂತು, ರುಬ್ಬುವಾಗ ವಾಲಾಡುತ್ತಿತ್ತು. ಆಕೆ ಒಂದು ಕಡೆ ಗೋಣಿಚೀಲ ತುರುಕಿ, ಇನ್ನೊಂದು ಕಡೆ ಕಾಲು ಒತ್ತಿಕೊಟ್ಟು ರುಬ್ಬುತ್ತಿದ್ದರು. ಮನೆ ಬದಲಾಯಿಸುವ ದಿನ ಪಾತ್ರೆ ಪಡಗ, ಹಾಸಿಗೆ, ದೇವರ ಪೆಟ್ಟಿಗೆ ಎಲ್ಲ ಸಲೀಸಾಗಿ ಹೋಗುತ್ತಿದ್ದವು. ಒರಳಿನ ಹತ್ತಿರ ಬಂದಾಗ ಜಟಕಾ ಸಾಬರು ಕುದುರೆಯ ಮುಖ ನೋಡುತ್ತಿದ್ದರು, ಕುದುರೆ ಸಾಬರ ಮುಖ ನೋಡುತ್ತಿತ್ತು.

ಬಿನ್ನಿಪೇಟೆಯ ವಠಾರದ ಯಜಮಾನರು ಬಹಳ ನಿಯಮದವರು. ಗೋಡೆಗೆ ಮೊಳೆ ಕೂಡದು. ನೆಂಟರು ಎರಡನೆಯ ರಾತ್ರಿ ಉಳಿಯಕೂಡದು. ಮಿಲ್ಲಿನ ಬೆಳಗಿನ ಸಿಳ್ಳು ಕೂಗುವ ಮೊದಲು ಬಾವಿಯ ರಾಟೆ ತಿರುಗಕೂಡದು. ಒಂದು ದಿನ ಒರಳಿನ ಅಡಿಯ ಗಾರೆ ಬಿರುಕುಬಿಟ್ಟದ್ದನ್ನು ಕಂಡು, ಒರಳು ಮನೆಯೊಳಗೆ ಕೂಡದು ಎಂದು ಹೊಸ ನಿಯಮ ಸೇರಿಸಿದರು. ರಾಯರು ಒರಳನ್ನು ಬಚ್ಚಲುಮನೆಯ ಹೊರಗೋಡೆಗೆ ಒರಗಿಸಿ ಇಟ್ಟರು. ಆ ಸಂಜೆ ಆಕೆ ಒಂದು ಮಾತು ಹೇಳಿದರು. ಜೋರಾಗಿ ಹೇಳಿದ್ದರಿಂದ ವಠಾರಕ್ಕೆಲ್ಲ ಕೇಳಿಸಿತಂತೆ.

"ಇನ್ಮೇಲೆ ಈ ಒರಳು ನನ್ನ ನೆಲದಲ್ಲೇ ಕೂತ್ಕೋಬೇಕು. ಅಲ್ಲೀವರೆಗೂ ನಾನು ರುಬ್ಬಲ್ಲ. ಇಡ್ಲಿ ಇಲ್ಲ, ದೋಸೆ ಇಲ್ಲ, ವಡೆ ಇಲ್ಲ. ಹಬ್ಬಾನೂ ಇಲ್ಲ ಹುಣ್ಣಿಮೇನೂ ಇಲ್ಲ."

ರಾಯರು ಇಡ್ಲಿಯ ಮನುಷ್ಯ. ಇದನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳುತ್ತಿದ್ದೇನೆ. ಅವರ ಟಿಫಿನ್ ಡಬ್ಬಿಯಲ್ಲಿ ಮರುದಿನದಿಂದ ಉಪ್ಪಿಟ್ಟು ಬರತೊಡಗಿತು. ಅವಲಕ್ಕಿ, ಮತ್ತೆ ಉಪ್ಪಿಟ್ಟು, ಉಪ್ಪಿಟ್ಟಿನ ಮೇಲೆ ಉಪ್ಪಿಟ್ಟು. ಹೋಟೆಲಿಗೆ ಹೋಗಬಹುದಲ್ಲ ಎಂದರೆ, "ಅವಳು ತಿನ್ನದೇ ಇರೋದನ್ನ ನಾನು ಕದ್ದು ತಿಂದ್ರೆ ಜೀರ್ಣ ಆಗತ್ತೇನ್ರೀ?" ಎನ್ನುತ್ತಿದ್ದರು. ಆದರೆ ಯಾರಾದರೂ ಡಬ್ಬಿಯಲ್ಲಿ ಇಡ್ಲಿ ತಂದ ದಿನ ಅವರು ಕೌಂಟರಿನಿಂದ ಎದ್ದುಬಂದು, ಮುಚ್ಚಳ ತೆರೆಯುವಾಗ ಹತ್ತಿರ ನಿಂತಿರುತ್ತಿದ್ದರು. ತಿನ್ನುತ್ತಿರಲಿಲ್ಲ. ನೋಡುತ್ತಿದ್ದರು.

ಆಗ ಊರಿನ ಪಡುವಣಕ್ಕೆ ರಾಜಾಜಿನಗರದ ಬಡಾವಣೆ ಬಿಡಿಸುತ್ತಿದ್ದ ಕಾಲ. ರಾಯರು ಅರ್ಜಿ ಹಾಕಿದರು, ಕಾದರು, ಒಂದು ಸೈಟು ಅವರ ಪಾಲಿಗೆ ಬಂತು. ಸಾಲ ಹೇಗೆ ಹೊಂದಿಸಿದರೆಂಬುದನ್ನು ಅವರು ಯಾರಿಗೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸೈಟು ಬಂದ ದಿನ ಅವರು ಕಚೇರಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದದ್ದನ್ನು ಮಾತ್ರ ಕಂಡೆ. ಐವತ್ತರ ಹತ್ತಿರದ, ಕಚ್ಚೆಪಂಚೆಯ ಮನುಷ್ಯ. "ನೆಲ ಸಿಕ್ತು! ನೆಲ ಸಿಕ್ತು!" ಎಂದು ಕೂಗುತ್ತ ಬಂದಾಗ, ಯಾವುದೋ ದೇಶ ಗೆದ್ದ ಸುದ್ದಿಯೆಂದು ತಿಳಿದು ಚೀಫ್ ಸಬ್ ಮುಖಪುಟ ನಿಲ್ಲಿಸಿ ಎಂದರು.

ಆ ಭಾನುವಾರ ನಮ್ಮನ್ನೆಲ್ಲ ಸೈಟು ತೋರಿಸಲು ಕರೆದೊಯ್ದರು. ಅಲ್ಲಿ ತೋರಿಸಲು ಏನೂ ಇರಲಿಲ್ಲ. ರಸ್ತೆಗಳೆಂದು ಎಳೆದ ಕೆಮ್ಮಣ್ಣಿನ ಪಟ್ಟಿಗಳು, ನಡುವೆ ರಾಗಿ ಕೂಳೆ, ಹುರುಳಿ ಬಳ್ಳಿ, ಅಲ್ಲಲ್ಲಿ ಮೂಲೆಗಲ್ಲುಗಳು. ಇನ್ನೂ ಮನೆ ಏಳದ ಸೈಟುಗಳಲ್ಲಿ ಹತ್ತಿರದ ಹಳ್ಳಿಯ ಗೌಡರೊಬ್ಬರು ಎಂದಿನಂತೆ ಬೇಸಾಯ ಮಾಡಿಕೊಂಡಿದ್ದರು. ನೆಲ ಮೊದಲು ಅವರದೇ. ರಾಯರು ಸೀದಾ ಗೌಡರ ಹುಲ್ಲಿನ ಮೆದೆಯ ಹತ್ತಿರ ನಡೆದು, ಅದರ ಮೂಡಣ ಪಕ್ಕದಲ್ಲಿ ನಿಂತು ಕೈ ಚಾಚಿದರು.

"ಇದೇ. ಮೆದೆ ಪಕ್ಕದ್ದು. ಕಣ್ಣು ಕಟ್ಟಿ ಬಿಟ್ರೂ ಬರ್ತೀನಿ. ಇಲ್ಲಿ ನಡುಮನೆ. ಇಲ್ಲಿ ಬಾವಿ. ಸಾರ್, ಸಾರ್, ನೀವು ದೇವರ ಮನೆ ತುಳೀತಾ ಇದೀರಿ!"

ಚೀಫ್ ಸಬ್ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದರು.

"ಅಲ್ಲೂ ಬೇಡ, ಅದು ಬಚ್ಚಲು."

ಒಂದು ಸುಗ್ಗಿ ಕಳೆದು ಮೇಸ್ತ್ರಿಯನ್ನು ಗೊತ್ತುಮಾಡಿ, ಮುಹೂರ್ತವೂ ಇಟ್ಟಾಯಿತು. ಅಷ್ಟರಲ್ಲಿ ವಠಾರದ ಯಜಮಾನರ ಮಗಳ ಮದುವೆ ಬಂತು. ಚಪ್ಪರ ಹಾಕಬೇಕು, ಬಚ್ಚಲ ಹತ್ತಿರದ ಒರಳು ತೆಗೆಯಿರಿ ಎಂದರು. ರಾಯರ ಹೆಂಡತಿಗೆ ಇದೇ ನೆಪ ಸಾಕಾಯಿತು. ಗುದ್ದಲಿ ಪೂಜೆಯ ದಿನವೇ ಒರಳನ್ನೂ ನೆಟ್ಟುಬಿಡಬೇಕು. ಮೊದಲು ಒರಳು, ಅದರ ಸುತ್ತ ಅಡುಗೆಮನೆ, ಅಡುಗೆಮನೆಯ ಸುತ್ತ ಮನೆ ಎಂದು ತೀರ್ಮಾನಿಸಿದರು. ಮೇಸ್ತ್ರಿ ತಲೆ ಕೆರೆದುಕೊಂಡ. "ಅಮ್ಮಾ, ನಾನು ಅಡಿಪಾಯದಿಂದ ಮನೆ ಕಟ್ಟಿದೀನಿ, ಒರಳಿಂದ ಕಟ್ಟಿಲ್ಲ" ಎಂದ. "ಈಗ ಕಲ್ತ್ಕೋ" ಎಂದರು ಆಕೆ.

ಪೂಜೆಯ ಬೆಳಿಗ್ಗೆ ಎತ್ತಿನ ಗಾಡಿಯಲ್ಲಿ ಒರಳು ಮಾಗಡಿ ರಸ್ತೆಗುಂಟ ಮೆರವಣಿಗೆ ಹೊರಟಿತು. ಆಕೆ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಹೂವು ಮುಡಿಸಿದ್ದರು. ಪಕ್ಕದಲ್ಲಿ ರಾಯರು ಕೊಡೆ ಹಿಡಿದು, ಒರಳಿಗೆ ಬಿಸಿಲು ತಾಗದಂತೆ ನಡೆಯುತ್ತಿದ್ದರು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಮಿಲ್ಲಿನ ಕೆಲಸಗಾರರು ಯಾವ ದೇವರೆಂದು ಕೇಳಿ, ಕೆಲವರು ಕೈಮುಗಿದೂ ಹೋದರು. ರಾಯರು ಅವರಿಗೆಲ್ಲ ಆಶೀರ್ವಾದ ಮಾಡಿದರು.

ಸೈಟಿಗೆ ಬಂದಾಗ ಹುಲ್ಲಿನ ಮೆದೆ ಬಿಸಿಲಲ್ಲಿ ಹೊಳೆಯುತ್ತಿತ್ತು. ರಾಯರು ಅದರ ಮೂಡಣ ಪಕ್ಕಕ್ಕೆ ಹೋಗಿ ನಿಂತರು. ಮೂಲೆಗಲ್ಲುಗಳ ಮೇಲಿನ ಟಾರಿನ ಅಂಕಿ ಮಳೆಗೆ ಮಾಸಿ, ಮೇಲೆ ಹುರುಳಿ ಬಳ್ಳಿ ಹಬ್ಬಿತ್ತು. ಮೇಸ್ತ್ರಿ ಬಳ್ಳಿ ಸರಿಸಲು ಹೋದಾಗ ರಾಯರು ತಡೆದರು. "ಅದನ್ನೇನ್ ನೋಡ್ತೀಯೋ? ಮೆದೆ ಇದೆಯಲ್ಲ!"

ಪೂಜೆಯಾಯಿತು. ಆಗ್ನೇಯ ಮೂಲೆಯಲ್ಲಿ ಅಡುಗೆಮನೆ ಬರುವುದೆಂದು ಅಲ್ಲಿ ಗುಂಡಿ ತೋಡಿ, ಒರಳನ್ನು ಇಳಿಸಿ, ಜಲ್ಲಿ ಗಾರೆ ತುಂಬಿ ಗಟ್ಟಿ ಮಾಡಿದರು. ಆಕೆ ಒರಳಿನ ಅಂಚು ಹಿಡಿದು ಅಲುಗಿಸಿ ನೋಡಿದರು. ಅಲುಗಲಿಲ್ಲ. ಇನ್ನೊಂದು ಸಲ ನೋಡಿದರು. ಆಮೇಲೆ ಅದರ ಪಕ್ಕದಲ್ಲೇ ಮಣ್ಣಿನ ಮೇಲೆ ಕಾಲು ನೀಡಿ ಕೂತುಬಿಟ್ಟರು. ಇಷ್ಟು ವರ್ಷ ಒರಳಿಗೆ ಒತ್ತಿಕೊಡುತ್ತಿದ್ದ ಕಾಲು ಅದು. "ಏನೂಂದ್ರೆ, ಕೂತಿದೆ ನೋಡಿ" ಎಂದರು. ರಾಯರು ಟೋಪಿ ತೆಗೆದು ಗಾಳಿಗೆ ಎಸೆದರು. ಅದು ಮೆದೆಯ ಮೇಲೆ ಹೋಗಿ ಕೂತಿತು.

ಕೋಸಂಬರಿ, ಪಾನಕ ಹಂಚುವಾಗ ಕೆಮ್ಮಣ್ಣಿನ ರಸ್ತೆಯಿಂದ ಒಬ್ಬ ಹೆಂಗಸು ಕೊಡೆ ಮಡಿಸುತ್ತ ಬಂದರು. ಬಿಳಿ ಸೀರೆ, ಕನ್ನಡಕ, ನೇರ ನಡಿಗೆ. ನೋಡಿದರೇ ತಿಳಿಯುವಂತೆ ಮೇಡಂ. ಒಂದು ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ ಎಂದು ಆಮೇಲೆ ತಿಳಿಯಿತು.

"ಏನಿದು? ಯಾರ ಮನೆ ಪೂಜೆ?" ಎಂದರು.

"ನಮ್ಮದೇ ತಾಯಿ, ಬನ್ನಿ ಬನ್ನಿ! ಒಳಗೆ ಬನ್ನಿ!" ರಾಯರು ಇಲ್ಲದ ಬಾಗಿಲಿನಿಂದ ಅವರನ್ನು ಕರೆತಂದು, ಚಾಪೆ ಹಾಸಿ ಕೂರಿಸಿ, ದೊನ್ನೆಯಲ್ಲಿ ಕೋಸಂಬರಿ ಕೊಟ್ಟರು. ಆಕೆ ಸಾವಧಾನವಾಗಿ ತಿಂದರು. ಅರ್ಧ ಲೋಟ ಪಾನಕ ಕುಡಿದರು. ದೊನ್ನೆ ಪಕ್ಕಕ್ಕಿಟ್ಟು ಕೈ ಒರೆಸಿಕೊಂಡರು.

"ಕೋಸಂಬರಿ ಚೆನ್ನಾಗಿದೆ. ಆದ್ರೆ ಇದು ನನ್ನ ಸೈಟು."

ರಾಯರು ನಕ್ಕರು. "ತಾಯಿ, ಮೆದೆ ಪಕ್ಕದ್ದು ನಂದು."

"ಮೆದೆ ಯಾರ್ದೋ ನಂಗೊತ್ತಿಲ್ಲ. ಕಲ್ಲು ಸರ್ಕಾರದ್ದು." ಆಕೆ ಎದ್ದು ಹೋಗಿ ಮೂಲೆಗಲ್ಲಿನ ಬಳ್ಳಿಯನ್ನು ಕೊಡೆಯ ತುದಿಯಿಂದ ಸರಿಸಿ, ಲೋಟದಲ್ಲಿ ಉಳಿದ ಪಾನಕವನ್ನು ಕಲ್ಲಿನ ಮೇಲೆ ಸುರಿದರು. ಮಣ್ಣು ತೊಳೆದು ಅಂಕಿ ಕಾಣಿಸಿತು. ಅದು ರಾಯರ ಅಂಕಿಯಲ್ಲ. ರಾಯರದು ಅದರ ಮೂಡಣಕ್ಕೆ ಮುಂದಿನದು.

ಎಲ್ಲರೂ ಮೆದೆಯ ಕಡೆ ತಿರುಗಿದೆವು. ಮೆದೆಯ ಹಿಂದೆ ಎಮ್ಮೆ ಕಟ್ಟುತ್ತಿದ್ದ ಗೌಡರೂ ನಮ್ಮ ಕಡೆ ತಿರುಗಿದರು.

"ಗೌಡ್ರೇ, ಈ ಮೆದೆ ಇಲ್ಲೇ ಇತ್ತಾ ಮೊದ್ಲಿಂದ?" ಎಂದು ರಾಯರು ಕೇಳಿದರು.

"ಆ ಮೆದೆ ಎಮ್ಮೆ ತಿಂದಾಯ್ತಲ್ಲ ಸಾಮಿ. ಇದು ಈ ಸುಗ್ಗೀದು. ಈ ದಪ ಇತ್ಲಾಗ್ ಒಟ್ಟಿದ್ವಿ."

"ಒಂದು ಮಾತು ಹೇಳಬಾರದಾಗಿತ್ತಾ? ಬೇರೆಯವರ ಸೈಟಲ್ಲಿ ಪೂಜೆ ಮಾಡ್ತಾ ಇದ್ರೆ ನೋಡ್ಕೊಂಡು ನಿಂತಿದ್ರಲ್ಲ!"

"ನಂಗೇನ್ ಗೊತ್ತಾಯ್ತದೆ ಸಾಮಿ, ಯಾವ್ದು ಯಾರ್ದೂಂತ? ನಿಮ್ಗೆ ಇಪ್ಪತ್ತು ಸೈಟು. ನಂಗೆ ಒಂದೇ ಹೊಲ."

ಆಮೇಲೆ ಚೀಫ್ ಸಬ್ ಮೆದೆಗೆ ಒರಗಿ ನಗಲು ಶುರುಮಾಡಿದರು. "ರಾಯರೇ... ಸ್ವಂತ ನೆಲದ ಲಾಭ ಎಲ್ಲಾ ಹೇಳಿದ್ರಿ... ಅದು ಎಲ್ಲಿದೆ ಅಂತ ಹೇಳೋದೊಂದು ಬಿಟ್ರಿ!" ಎಂದು ಕಣ್ಣೊರೆಸಿಕೊಂಡರು. ಪುರೋಹಿತರು ಪೂಜೆಯ ಫಲ ಯಾರಿಗೆ ಸಲ್ಲುತ್ತದೆಂದು ಮೆಲ್ಲಗೆ ಲೆಕ್ಕ ಹಾಕುತ್ತಿದ್ದರು.

ರಾಯರು ಮಾತ್ರ ನಗಲಿಲ್ಲ. ಅವರು ಹೆಂಡತಿಯ ಕಡೆ ನೋಡುತ್ತಿದ್ದರು. ಆಕೆ ಒರಳಿನ ಪಕ್ಕದಿಂದ ಎದ್ದಿರಲಿಲ್ಲ. ಕೈ ಅದರ ಅಂಚಿನ ಮೇಲೆಯೇ ಇತ್ತು.

"ಮೇಸ್ತ್ರಿ, ಗಾರೆ ಹಸಿ ಇದೆ, ಈಗಲೇ ಕಿತ್ತುಬಿಡು" ಎಂದರು ರಾಯರು.

"ಬೇಡ" ಎಂದರು ಆಕೆ. "ಅಕ್ಕಿಪೇಟೇಲಿ ಎತ್ತಿಸಿದ್ರಿ. ಚಾಮರಾಜಪೇಟೇಲಿ ಎತ್ತಿಸಿದ್ರಿ. ಬೆಳಿಗ್ಗೆ ಬಿನ್ನಿಪೇಟೇಲಿ ಎತ್ತಿಸಿದ್ರಿ. ಇವತ್ತು ಮೊದಲನೇ ಸಲ ಕೂತಿದೆ. ಇದನ್ನ ಇನ್ನೊಂದ್ಸಲ ಕಿತ್ರೆ ಅದರ ಜೊತೆ ಗಾಡೀಲಿ ನನ್ನೂ ಹಾಕಿ, ತೌರುಮನೆಗೆ ಕಳಿಸಿಬಿಡಿ."

"ಅಲ್ವೇ, ಇದು ನಮ್ಮ ನೆಲ ಅಲ್ಲ ಕಣೇ."

"ಗೊತ್ತು. ಅದಕ್ಕೇ ರುಬ್ಬೋದೂ ಇಲ್ಲ."

ರಾಯರ ಮುಖದಲ್ಲಿ ಉಪ್ಪಿಟ್ಟಿನ ಮುಂದಿನ ವರ್ಷಗಳೆಲ್ಲ ಹಾದುಹೋದುವು.

ಮೇಡಂ ವಿಷಯ ಏನೆಂದು ಕೇಳಿದರು. ರಾಯರ ಹೆಂಡತಿ ಹೇಳಿದರು. ಮೊದಲಿನಿಂದ, ಕಲ್ಲುಕುಟಿಗರಿಂದ ಹಿಡಿದು. ಮೇಡಂ ಮತ್ತೆ ಚಾಪೆಯ ಮೇಲೆ ಕೂತು ಪೂರ್ತಿ ಕೇಳಿದರು. ನಡುವೆ ಒಮ್ಮೆ ಮಾತ್ರ, "ನಾನಿರೋ ಮಲ್ಲೇಶ್ವರದ ಕೋಣೇಲಿ ಓನರಮ್ಮ ನಲ್ಲಿಗೆ ಬೀಗ ಹಾಕ್ತಾರೆ" ಎಂದರು. "ಬೀಗಾನಾ?" ಎಂದರು ರಾಯರ ಹೆಂಡತಿ. "ಬೀಗದಕೈ ಅವರ ಸೆರಗಿನ ತುದೀಲಿ. ಮುಖ ತೊಳೀಬೇಕಾದ್ರೂ ನಾನು ಅರ್ಜಿ ಹಾಕಬೇಕು." ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಲ್ಲಿಂದ ಮುಂದೆ ಆ ಸಭೆಯಲ್ಲಿ ಗಂಡಸರಿಗೆ ಕೆಲಸವಿರಲಿಲ್ಲ.

ಮೇಡಂ ಪೂಜೆಯ ತಟ್ಟೆಯಿಂದ ರಂಗೋಲಿ ಪುಡಿ ತೆಗೆದುಕೊಂಡರು. ಒರಳಿನ ಸುತ್ತ ಒಂದು ವೃತ್ತ ಎಳೆದರು, ಕಪ್ಪುಹಲಗೆಯ ಮೇಲೆ ಎಳೆದಷ್ಟು ದುಂಡಗೆ.

"ಈ ಗೆರೆ ಒಳಗಿಂದು ನಿಮ್ಮದು. ಹೊರಗಿಂದು ನಂದು. ಆಯ್ತಾ?"

ರಾಯರ ಹೆಂಡತಿ ಗೆರೆಯನ್ನೇ ನೋಡಿದರು. "ನಿಜವಾಗ್ಲೂ?"

"ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂತ ಪಾಠ ಮಾಡ್ತೀನಮ್ಮ. ನಾನೇ ಹೇಳ್ತೀನಾ? ಒಂದು ಕರಾರು. ಭಾನುವಾರ ನಂಗೆ ಇಡ್ಲಿ. ಚಟ್ನಿಗೆ ಖಾರ ಜಾಸ್ತಿ ಬೇಡ."

ರಾಯರು ಮುಂದೆ ಬಂದರು. ದಾಖಲೆಯ ಮನುಷ್ಯ. "ತಾಯಿ, ಒಂದು ಪತ್ರ ಗಿತ್ರ ಮಾಡ್ಕೊಳ್ಳೋದು ಬೇಡವಾ?"

"ರಂಗೋಲಿ ಹಾಕಿದೀನಲ್ಲ" ಎಂದರು ಮೇಡಂ.

ಹೀಗೆ ರಾಯರ ಮನೆಗೆ ಅಡಿಪಾಯ ಬೀಳುವ ಮೊದಲೇ ಅವರ ಹೆಂಡತಿ ಭೂಮಾಲೀಕರಾದರು. ಗಾರೆ ಒಣಗಿದ ಮೇಲಿನ ಶನಿವಾರ ಆಕೆ ಬಿನ್ನಿಪೇಟೆಯಿಂದ ನೆನೆಸಿದ ಅಕ್ಕಿ, ಉದ್ದಿನಬೇಳೆಯ ಪಾತ್ರೆಗಳನ್ನು ಜಟಕಾದಲ್ಲಿಟ್ಟುಕೊಂಡು ಹೊರಟರು. ಬಯಲಿನಲ್ಲಿ, ಗೋಡೆಯಿಲ್ಲ, ಸೂರಿಲ್ಲ, ಸುತ್ತ ಹುರುಳಿ ಬಳ್ಳಿ. ನಡುವೆ ಕೂತು ರುಬ್ಬಿದರು. ರಾಯರು ಬಿಸಿಲಿಗೆ ಕೊಡೆ ಹಿಡಿದು ನಿಂತಿದ್ದರು. ಗೌಡರ ಎಮ್ಮೆ ತಲೆಯೆತ್ತಿ ನೋಡಿತಂತೆ. ಒರಳು ವಾಲಲಿಲ್ಲ. ಹಿಟ್ಟಿನ ಪಾತ್ರೆ ಜಟಕಾದಲ್ಲಿ ಊರಿಗೆ ಮರಳಿತು. ಭಾನುವಾರ ಬೆಳಿಗ್ಗೆ ಇಡ್ಲಿ ಬೆಂದ ವಾಸನೆ ವಠಾರಕ್ಕೆಲ್ಲ ಹರಡಿದಾಗ ಯಜಮಾನರು ಬಾಗಿಲಿಗೇ ಬಂದು, "ಇಲ್ಲಿ ರುಬ್ಬೋ ಹಾಗಿಲ್ಲ ಅಂತ ಹೇಳಿದ್ನಲ್ಲ. ಎಲ್ಲಿ ರುಬ್ಬಿದ್ರಿ?" ಎಂದು ಗದರಿಸಿದರು.

"ನಮ್ಮ ಜಾಗದಲ್ಲಿ" ಎಂದರು ಆಕೆ.

ಸೋಮವಾರ ರಾಯರ ಡಬ್ಬಿಯನ್ನು ತೆರೆಯಲು ಸಂಪಾದಕೀಯ ವಿಭಾಗವೆಲ್ಲ ಬಂದು ನಿಂತಿತ್ತು. ತೆರೆದರು. ಇಡ್ಲಿ. ನಾವು ಚಪ್ಪಾಳೆ ತಟ್ಟಿದೆವು. ಅಚ್ಚುಕೂಟದಲ್ಲಿ ಅಕ್ಷರ ಜೋಡಿಸುವವರು ಏನಾಯಿತೆಂದು ಮೇಲೆ ಓಡಿಬಂದರು. ರಾಯರಿಗೆ ಉಳಿದದ್ದು ಒಂದೇ ಇಡ್ಲಿ, ಅದನ್ನು ಅವರು ಬಹಳ ಹೊತ್ತು ತಿಂದರು.

ಮನೆ ಎದ್ದಿತು. ಪಕ್ಕದಲ್ಲಿ ಮೇಡಂ ಮನೆಯೂ ಎದ್ದಿತು. ಆ ಒರಳು ಇರುವುದು ಮೇಡಂ ಅಡುಗೆಮನೆಯ ಹಿಂದಿನ ಜಗುಲಿಯಲ್ಲಿ, ಸುತ್ತ ಗೆರೆಯಿದ್ದ ಕಡೆ ಈಗ ಕೆಂಪು ಗಾರೆಯ ಒಂದು ಬಳೆ. ಎರಡು ಮನೆಯ ನಡುವಿನ ಕಾಂಪೌಂಡು ಗೋಡೆ ಅಲ್ಲಿಗೆ ಬಂದಾಗ ಒಬ್ಬರು ನುಗ್ಗುವಷ್ಟು ಸಂದು ಬಿಟ್ಟು ಮುಂದೆ ಹೋಗುತ್ತದೆ. ಗೃಹಪ್ರವೇಶದ ದಿನ ರಾಯರು ಜೇಬಿನಿಂದ ಮೊಳೆ ತೆಗೆದು ನಡುಮನೆಯ ಗೋಡೆಗೆ ಹೊಡೆದರು. ಏನು ತೂಗುಹಾಕುತ್ತೀರೆಂದು ಪುರೋಹಿತರು ಕೇಳಿದರು. ಅದನ್ನು ಅವರು ಯೋಚಿಸಿಯೇ ಇರಲಿಲ್ಲ. ಕೊನೆಗೆ ಟೋಪಿ ತೂಗುಹಾಕಿದರು.

ಚೀಫ್ ಸಬ್ ಸೋಲೊಪ್ಪಲಿಲ್ಲ. "ಒರಳಿನ ಜಾಗಕ್ಕೆ ವಾರಾ ವಾರಾ ಇಡ್ಲಿ ಕೊಡ್ತೀರಿ. ಅದು ಬಾಡಿಗೆ ಅಲ್ಲದೆ ಇನ್ನೇನು?" ಎಂದು ಕೆಣಕುತ್ತಿದ್ದರು. "ಬಾಡಿಗೆ ಅಲ್ಲ ಸಾರ್, ಕಂದಾಯ. ಬಾಡಿಗೆಯವನು ಬಾಡಿಗೆ ಕೊಡ್ತಾನೆ, ಭೂಮಿ ಇರೋನು ಕಂದಾಯ ಕೊಡ್ತಾನೆ!" ಎಂದು ರಾಯರು. ಕುಟ್ಟಲು ಮೊಳೆ ಇರಲಿಲ್ಲವಾದ್ದರಿಂದ ಪೆನ್ಸಿಲಿನಿಂದ ಕುಟ್ಟುತ್ತಿದ್ದರು.

ಇನ್ನು ನಿವೃತ್ತಿಯ ದಿನ. ಸಭೆ ಮುಗಿದ ಮೇಲೆ ರಾಯರು ಶಾಲು ಹೊದ್ದುಕೊಂಡೇ ತಮ್ಮ ಕೌಂಟರಿನ ಒಳಗಿನಿಂದ ಹೊರಗೆ ಬಂದು, ಗಿರಾಕಿಗಳು ನಿಲ್ಲುವ ಕಡೆ ನಿಂತು, ಕಿಟಕಿಯಲ್ಲಿ ಒಂದು ಜಾಹೀರಾತು ಕೊಟ್ಟರು. ಮಾಳಿಗೆಯ ಮೇಲೆ ಅವರು ಒಂದು ಕೋಣೆ ಕಟ್ಟಿಸಿದ್ದರು. "ರಾಜಾಜಿನಗರದಲ್ಲಿ ಗಾಳಿ ಬೆಳಕಿನ ಕೋಣೆ ಬಾಡಿಗೆಗೆ ಇದೆ. ಗೋಡೆಗೆ ಮೊಳೆ ಹೊಡೆಯಬಹುದು. ಜೋರಾಗಿ ಸೀನಬಹುದು. ಒರಳು ಪಕ್ಕದ ಮನೆಯಲ್ಲಿದೆ, ಜಾಗ ನಮ್ಮದು." ಹೆಚ್ಚಿನ ಮಾತು ಹೊಡೆದುಹಾಕುವ ಕೆಲಸ ಚೀಫ್ ಸಬ್ ಅವರದು. ಅವರು ಪೆನ್ಸಿಲು ಹಿಡಿದು ಅದನ್ನು ಓದಿದರು, ಇನ್ನೊಮ್ಮೆ ಓದಿದರು, ಒಂದಕ್ಷರವನ್ನೂ ಹೊಡೆಯಲಿಲ್ಲ. ಮಡಿಸಿ ತಮ್ಮ ಜೇಬಿನಲ್ಲಿ ಇಟ್ಟುಕೊಂಡರು. ಅದು ಅಚ್ಚಾಗಲೇ ಇಲ್ಲ. ಆ ವಾರದಲ್ಲೇ ಅವರ ಹಳೆಯ ಯಜಮಾನ ಮುಖ ಗಂಟು ಹಾಕಿದ್ದನೆಂದು ನಮಗೆ ಗೊತ್ತಿರಲಿಲ್ಲ.

ಮೊನ್ನೆ ಭಾನುವಾರ ಟ್ರಂಕು, ಹಾಸಿಗೆ ಸುರುಳಿ ಸಮೇತ ಅವರು ಅಲ್ಲಿಗೆ ಹೋದರು. ಟ್ರಂಕಿನ ಒಂದು ಕಡೆ ಹಿಡಿದವನು ನಾನು. ರಾಯರು ಗೇಟಿನಲ್ಲೇ ನಿಂತು ಬರಮಾಡಿಕೊಂಡರು. "ಬನ್ನಿ ಸಾರ್, ಬನ್ನಿ! ನಿಯಮ ಗಿಯಮ ಏನೂ ಇಲ್ಲ. ನಿಮ್ಮ ಮನೆ ಅಂತಲೇ ತಿಳ್ಕೊಳ್ಳಿ!" ಕೋಣೆ ಚೆನ್ನಾಗಿತ್ತು, ಸುಣ್ಣ ಹೊಸದು. ಚೀಫ್ ಸಬ್ ಜೇಬಿನಿಂದ ಒಂದು ಮೊಳೆ ತೆಗೆದರು. ದಾರಿಯಲ್ಲಿ ಕೊಂಡದ್ದಿರಬೇಕು. ರಾಯರ ಸುತ್ತಿಗೆಯನ್ನೇ ಕೇಳಿ ಪಡೆದು, ಜೀವಮಾನದಲ್ಲಿ ಮೊದಲ ಸಲ ಒಂದು ಗೋಡೆಗೆ ಗುರಿಯಿಟ್ಟರು.

ಮೊದಲ ಏಟು ಬಿದ್ದಾಗ ರಾಯರ ಹುಬ್ಬು ಹಾರಿತು. ಎರಡನೆಯದಕ್ಕೆ ಭುಜ ಹಾರಿತು. ಮೂರನೆಯದಕ್ಕೆ ಒಂದಿಷ್ಟು ಸುಣ್ಣ ಉದುರಿತು.

"ನಿಧಾನ ರೀ! ಗೋಡೆ! ಅದನ್ನ ಗೋಡೆ ಅಂದ್ಕೊಂಡ್ರೋ, ಏನಂದ್ಕೊಂಡ್ರಿ? ಬಾಡಿಗೆಗೆ ಕೊಟ್ಟಿದೀವಿ ಅಂತ..."

ಕೆಳಗೆ, ಪಕ್ಕದ ಮನೆಯ ಹಿಂಜಗುಲಿಯಲ್ಲಿ ಅದುವರೆಗೆ ಗುಡುಗುಡು ಕೇಳುತ್ತಿದ್ದ ಒರಳಿನ ಸದ್ದು ನಿಂತಿತು.

"ಏನಂದ್ರಿ?" ಎಂದು ಆಕೆ ಅಲ್ಲಿಂದಲೇ ಕೂಗಿದರು. ಜೋರಾಗಿ.

ರಾಯರು ಕಿಟಕಿಗೆ ಹೋಗಿ ಕೆಳಗೆ ಬಗ್ಗಿದರು. "ಏನಿಲ್ಲ ಕಣೇ! ಹೊಡೀರಿ ಸಾರ್, ಚೆನ್ನಾಗಿ ಹೊಡೀರಿ ಅಂದೆ!"

ಒರಳಿನ ಗುಂಡು ಮತ್ತೆ ತಿರುಗತೊಡಗಿತು. ಚೀಫ್ ಸಬ್ ಸುತ್ತಿಗೆ ಎತ್ತಿದರು. ರಾಯರು ಕಣ್ಣು ಮುಚ್ಚಿಕೊಂಡರು.